ಕಸೂತಿಯಲ್ಲಿ ಆಸ್ತಿಹಕ್ಕಿನ ಮಾತು: ಘೋಷಣೆ ಬೇಕೆ, ಬೇಡವೆ?

ಪ್ರಶ್ನೆ: ನಾವು ಗದಗ-ಬೆಟಗೇರಿಯ ಹನ್ನೊಂದು ಮಂದಿ ಹೆಣ್ಣುಮಕ್ಕಳು. ಸೀರೆ, ರವಿಕೆ ಖಣ, ದಿಂಬಿನ ಚೀಲಗಳ ಮೇಲೆ ಕಸೂತಿ ಹಾಕಿ ಕೊಡುತ್ತೇವೆ. ಬರುವ ಮಾರ್ಚ್ 8ಕ್ಕೆ ‘ತವರಿನ ಆಸ್ತಿಯಲ್ಲಿ ಹೆಣ್ಣಿನ ಪಾಲು’ ಎಂಬ ವಿಷಯ ಇಟ್ಟುಕೊಂಡು ಒಂದು ದೊಡ್ಡ ಬಟ್ಟೆ ಮಾಡಬೇಕೆಂದಿದ್ದೇವೆ. ಕೆಲವರು ‘ಘೋಷಣೆ ಬರೆಯೋಣ’ ಅನ್ನುತ್ತಾರೆ. ಹಿರಿಯರಿಬ್ಬರು ‘ತೇರು, ಗೋಪುರ ಹಾಕೋ ಕಸೂತಿಗೆ ಈ ರಾಜಕೀಯ ಯಾಕ ಬೇಕು’ ಅಂತ ಕೇಳುತ್ತಾರೆ. ಇದನ್ನು ಹೇಗೆ ಮಾಡಬೇಕು? ಏನೇನು ಎಡವಟ್ಟಾಗಬಹುದು?

ಉತ್ತರ: ಧಾರಾಳವಾಗಿ ಮಾಡಿ. ಆದರೆ ಘೋಷಣೆ ಹೊಲಿಯಬೇಡಿ. ಇದು ಅಂಜಿಕೆಯ ಮಾತಲ್ಲ, ಕೈಕೆಲಸದ ಲೆಕ್ಕ. ಗಾವಂತಿಯ (ಒಮ್ಮೆ ಹೋಗಿ, ಅದೇ ದಾರಿಯಲ್ಲಿ ತಿರುಗಿ ಬಂದು ತುಂಬುವ ಕಸೂತಿ ಹೊಲಿಗೆ) ಗೆರೆ ಎರಡು ಎಳೆ ದಾರದಷ್ಟೇ ದಪ್ಪ. ‘ಆಸ್ತಿಯಲ್ಲಿ ನಮಗೂ ಪಾಲು’ ಎಂದು ಬರೆದರೆ ಅಕ್ಷರ ಮೂರು ಸೆಂಟಿಮೀಟರ್ ಎತ್ತರ ಬಂದೀತು, ಹತ್ತು ಹೆಜ್ಜೆ ಆಚೆ ನಿಂತವರಿಗೆ ಅದು ಗೆರೆಗಳ ಗೋಜಲು. ದೂರದಿಂದ ಓದಿಸಬೇಕಾದ ಮಾತಿಗೆ ಬಣ್ಣ ಬಳಿದ ಬ್ಯಾನರು ಇದೆ, ಅರ್ಧ ದಿನದಲ್ಲಿ ಆಗುತ್ತದೆ. ಕಸೂತಿ ಹತ್ತಿರ ಬಂದು ನೋಡುವವರ ಕಲೆ. ನೋಡುವವರನ್ನು ಬಟ್ಟೆಯ ಹತ್ತಿರ ಕರೆದುಕೊಂಡು, ಹೊಲಿಗೆಯೇ ವಿಷಯ ಹೇಳುವಂತೆ ಮಾಡುವುದು ನಿಮ್ಮ ಕೆಲಸ.

ಹಿರಿಯರ ಪ್ರಶ್ನೆಗೆ ಅಡ್ಡಮಾತು ಆಡಬೇಡಿ, ಅದಕ್ಕೆ ಉತ್ತರ ಅವರ ಪೆಟ್ಟಿಗೆಯಲ್ಲೇ ಇದೆ. ಹಿಂದೆ ನಮ್ಮ ಸೀಮೆಯ ಮದುವೆಯಲ್ಲಿ ಮದುಮಗಳಿಗೆ ಕಸೂತಿ ಹಾಕಿದ ಕಪ್ಪು ಚಂದ್ರಕಾಳಿ ಸೀರೆ ಕೊಡುತ್ತಿದ್ದರು. ಮಗಳಿಗೆ ಸೀರೆ, ಮಗನಿಗೆ ಹೊಲ. ಇವತ್ತಿಗೂ ಹೊಲದ ವಾಟ್ನಿ (ಪಾಲು) ಆಗುವಾಗ ಅಕ್ಕತಂಗಿಯರನ್ನು ಕರೆಸಿ, ಉಡಿ ತುಂಬಿ, ಸೀರೆ ಕೊಟ್ಟು, ಹಕ್ಕು ಬಿಟ್ಟ ಕಾಗದಕ್ಕೆ ಸಹಿ ಹಾಕಿಸಿಕೊಂಡು ಕಳಿಸುವ ಮನೆಗಳು ಊರೂರಲ್ಲೂ ಇವೆ. ಸೀರೆಗೂ ಉತಾರಕ್ಕೂ (ಹೊಲದ ಪಹಣಿ) ಇರುವ ಈ ನಂಟನ್ನು ಹೊರಗಿನವರು ಯಾರೂ ತಂದು ಹಚ್ಚಿದ್ದಲ್ಲ. ಆಸ್ತಿಯ ಮಾತನ್ನು ಸೀರೆಯ ಕಸೂತಿಯಲ್ಲೇ ಹೇಳಲು ಇದಕ್ಕಿಂತ ದೊಡ್ಡ ಕಾರಣ ಬೇಕಿಲ್ಲ.

ಬೇರೆ ಕಡೆಯ ಹೆಣ್ಣುಮಕ್ಕಳೂ ಸೂಜಿಯನ್ನು ಹೀಗೆ ಬಳಸಿದ್ದಾರೆ. ಮತದ ಹಕ್ಕು ಕೇಳಿ 1912ರಲ್ಲಿ ಲಂಡನ್ನಿನ ಹಾಲೊವೇ ಜೈಲು ಸೇರಿದ ಹೆಂಗಸರು ಒಂದು ಕರವಸ್ತ್ರದ ಮೇಲೆ ತಮ್ಮ ಸಹಿಗಳನ್ನು ಕಸೂತಿ ಮಾಡಿದರು. ಬಿಹಾರದ ಮುಜಫ್ಫರಪುರ ಜಿಲ್ಲೆಯ ಭುಸುರಾ ಹಳ್ಳಿಯಲ್ಲಿ 1988ರಿಂದೀಚೆಗೆ ಸುಜನಿ ಹೊಲಿಗೆಯಲ್ಲಿ ವರದಕ್ಷಿಣೆ, ಕುಡಿತ, ಹೆಣ್ಣುಭ್ರೂಣ ಹತ್ಯೆಯಂಥ ವಿಷಯಗಳು ಬಂದವು. ಚಿಲಿ ದೇಶದಲ್ಲಿ 1973ರ ಸೇನಾದಂಗೆಯ ನಂತರ ಮನೆಯವರು ಕಾಣೆಯಾದ ತಾಯಂದಿರು, ಹೆಂಡತಿಯರು ಗೋಣಿತಟ್ಟಿನ ಮೇಲೆ ಚಿಂದಿ ಬಟ್ಟೆ ಹಚ್ಚಿ ನಡೆದದ್ದನ್ನು ಹೊಲಿದರು. ಅವರ ಎಷ್ಟೋ ಬಟ್ಟೆಗಳ ಹಿಂದೆ ಒಂದು ಪುಟ್ಟ ಜೇಬು ಇರುತ್ತಿತ್ತು, ಅದರೊಳಗೆ ಚಿತ್ರದ ವಿವರ ಬರೆದ ಚೀಟಿ. ಆ ಜೇಬನ್ನು ನೀವೂ ಹೊಲಿಯಿರಿ. ಅದರಲ್ಲಿ ಏನಿರಬೇಕು ಅನ್ನುವುದನ್ನು ಮುಂದೆ ಹೇಳುತ್ತೇನೆ.

ಸೂಜಿ ಹಿಡಿಯುವ ಮೊದಲು ಕಾನೂನಿನ ಮಾತು ಖಚಿತವಾಗಲಿ. ತಪ್ಪು ಮಾಹಿತಿ ಹೊಲಿದ ಬಟ್ಟೆಯನ್ನು ಸಭೆಯಲ್ಲಿ ಒಬ್ಬ ವಕೀಲ ಒಂದೇ ಮಾತಿನಲ್ಲಿ ತಳ್ಳಿಹಾಕಬಲ್ಲ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಕರ್ನಾಟಕದ ತಿದ್ದುಪಡಿ 1994ರ ಜುಲೈ 30ರಂದು ಜಾರಿಗೆ ಬಂದು ಹಿಂದೂ ಅವಿಭಕ್ತ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು ಕೊಟ್ಟಿತು, ಆದರೆ ಅದಕ್ಕೂ ಮೊದಲು ಮದುವೆಯಾದವರನ್ನು ಹೊರಗಿಟ್ಟಿತು. ಕೇಂದ್ರದ ತಿದ್ದುಪಡಿ 2005ರ ಸೆಪ್ಟೆಂಬರ್ 9ರಂದು ಬಂತು, ಅದರಲ್ಲಿ ಮದುವೆಯ ಆ ತಡೆ ಇಲ್ಲ. ಆ ದಿನಕ್ಕೆ ತಂದೆ ಬದುಕಿರಲೇಬೇಕೆಂದಿಲ್ಲ, ಈ ಹಕ್ಕು ಹುಟ್ಟಿನಿಂದಲೇ ಬರುವಂಥದ್ದು ಎಂದು ಸುಪ್ರೀಂ ಕೋರ್ಟ್ 2020ರ ಆಗಸ್ಟ್ 11ರಂದು ಹೇಳಿತು. 2004ರ ಡಿಸೆಂಬರ್ 20ಕ್ಕೆ ಮೊದಲೇ ನೋಂದಣಿಯಾಗಿ ಮುಗಿದ ಪಾಲುಪಟ್ಟಿಯನ್ನು ಈ ಕಾನೂನಿನಿಂದ ಮತ್ತೆ ತೆಗೆಯಲಾಗದು. ತಂದೆ ತಾನೇ ದುಡಿದು ಗಳಿಸಿದ್ದನ್ನು ಉಯಿಲು ಬರೆದು ಯಾರಿಗೆ ಬೇಕಾದರೂ ಕೊಡಬಹುದು. ಮುಸ್ಲಿಂ ಹೆಣ್ಣುಮಕ್ಕಳ ಪಾಲಿನ ನಿಯಮವೇ ಬೇರೆ. ನಿಮ್ಮ ಗುಂಪಿನಲ್ಲಿ ಅವರೂ ಇದ್ದರೆ ‘ಸಮಪಾಲು ಎಲ್ಲರಿಗೂ ಸಿಕ್ಕಿದೆ’ ಎಂಬ ಒಂದೇ ಮಾತನ್ನು ಎಲ್ಲರ ಬಾಯಲ್ಲೂ ಇಡಬೇಡಿ.

ಈಗ ವಿನ್ಯಾಸ. ಗಾವಂತಿಯನ್ನು ನೀವು ದಿನಾ ಹಾಕುತ್ತೀರಿ: ಹೋಗುವಾಗ ಒಂದು ಬಿಟ್ಟು ಒಂದು ಹೊಲಿಗೆ, ಬರುವಾಗ ನಡುವಿನ ಖಾಲಿ ತುಂಬುವುದು, ಕೊನೆಗೆ ಎರಡೂ ಬದಿ ಒಂದೇ ಥರ. ಈ ಬಟ್ಟೆಯಲ್ಲಿ ಕೆಲವು ಗೆರೆಗಳಿಗೆ ಬರುವ ಸಾಲನ್ನು ಹಾಕಲೇಬೇಡಿ. ಉತಾರದಲ್ಲಿ ಹೆಣ್ಣಿನ ಹೆಸರು ಇರುವ ಹೊಲದ ಬದುವಿಗೆ ಪೂರ್ತಿ ಗಾವಂತಿ, ಆಕೆ ಸಹಿ ಹಾಕಿ ಬಿಟ್ಟುಕೊಟ್ಟ ಹೊಲಕ್ಕೆ ಹೋಗುವ ಸಾಲು ಮಾತ್ರ. ಆಗ ಮುಂದೆ ಚುಕ್ಕಿಗೆರೆ ಕಾಣುತ್ತದೆ, ಬಟ್ಟೆ ತಿರುವಿದರೆ ಮುಂದೆ ಖಾಲಿ ಇದ್ದ ಕಡೆಯೆಲ್ಲ ಹೊಲಿಗೆ ಇರುತ್ತದೆ. ಕಸೂತಿ ಬಲ್ಲ ಯಾವ ಹೆಣ್ಣುಮಗಳಾದರೂ ಇದನ್ನು ನೋಡಿದ ಕೂಡಲೇ ‘ಇದು ಅರ್ಧಕ್ಕೇ ನಿಂತೈತಲ್ಲ’ ಅನ್ನುತ್ತಾಳೆ. ಆ ಮಾತು ಆಕೆಯ ಬಾಯಿಂದಲೇ ಬರಬೇಕು. ಪಕ್ಕದಲ್ಲಿ ಅರ್ಥ ಬರೆದ ಫಲಕ ಇಟ್ಟು ಅದನ್ನು ಕಸಿದುಕೊಳ್ಳಬೇಡಿ.

ಒಂಟಿ ಸಾಲಿನಲ್ಲಿ ಒಂದು ತೊಂದರೆ ಇದೆ. ಬರುವ ಸಾಲಿನ ಬಿಗಿ ಇಲ್ಲದ್ದರಿಂದ ದಾರ ಸಡಿಲಾಗಿ ಎದ್ದು ನಿಲ್ಲುತ್ತದೆ. ಇಂಥ ಗೆರೆಯಲ್ಲಿ ಹೊಲಿಗೆಯ ಉದ್ದ ಹೆಚ್ಚಿಸಬೇಡಿ, ಪ್ರತಿ ಹತ್ತು ಹೊಲಿಗೆಗೊಮ್ಮೆ ಬೆರಳಿನಿಂದ ನೀವಿ ಸಮ ಮಾಡಿ. ದಾರದ ತುದಿ ಮುಚ್ಚಲು ಪಕ್ಕದಲ್ಲಿ ಜಾಗ ಇರುವುದಿಲ್ಲ, ಆದ್ದರಿಂದ ಚುಕ್ಕಿಗೆರೆಯ ಎರಡೂ ತುದಿ ಪೂರ್ತಿ ಹಾಕಿದ ಒಂದು ಗೆರೆಯನ್ನು ಮುಟ್ಟುವಂತೆ ನಕಾಶೆ ಬರೆದು, ತುದಿಯನ್ನು ಆ ಗೆರೆಯ ನಾಲ್ಕೈದು ಹೊಲಿಗೆಯೊಳಗೆ ತೂರಿಸಿ ಮುಗಿಸಿ. ಗಂಟು ಹಾಕದಿರುವ ನಿಯಮ ಇಲ್ಲೂ ಉಳಿಯಲಿ.

ಹೊಲದ ಒಳಭಾಗಕ್ಕೆ ನೇಗಿ ಹೊಲಿಗೆ ಒಳ್ಳೆಯದು, ನೇಯ್ದ ಬಟ್ಟೆಯಂತೆ ತುಂಬಿಕೊಂಡು ಉತ್ತ ಸಾಲುಗಳಂತೆಯೇ ಕಾಣುತ್ತದೆ. ಮೆಂತಿಯನ್ನು (ಕತ್ತರಿಯಾಕಾರದ ಹೊಲಿಗೆ) ದೊಡ್ಡ ಜಾಗಕ್ಕೆ ಬಳಸಬೇಡಿ, ಬಟ್ಟೆ ಭಾರವಾಗಿ ಜೋತುಬೀಳುತ್ತದೆ. ಹೆಬ್ಬೆಟ್ಟಿನ ಗುರುತು ಬೇಕೆಂದರೆ ಮುರಗಿ ಹೊಲಿಗೆಯ ಮೆಟ್ಟಿಲು ಗೆರೆ ಹೇಳಿ ಮಾಡಿಸಿದ್ದು. ಹೊರಗಿನ ಸುತ್ತು 20 ಮನೆ (ಎಳೆ ಎಣಿಸುವ ಚೌಕ) ಅಗಲ, 28 ಮನೆ ಎತ್ತರ. ಒಳಗಿನ ಪ್ರತಿ ಸುತ್ತನ್ನೂ ನಾಲ್ಕು ಬದಿಗೂ ಎರಡೆರಡು ಮನೆ ಕಡಿಮೆ ಮಾಡುತ್ತ ಹೋದರೆ 16 ಮತ್ತು 24, 12 ಮತ್ತು 20, 8 ಮತ್ತು 16, 4 ಮತ್ತು 12, ಹೀಗೆ ಐದು ಸುತ್ತು ಬರುತ್ತವೆ. ಹೊರಸುತ್ತುಗಳ ಮೂಲೆಗಳನ್ನು ನಾಲ್ಕು ಮೆಟ್ಟಿಲಿನಲ್ಲಿ, ಒಳಸುತ್ತುಗಳದ್ದನ್ನು ಒಂದೆರಡರಲ್ಲಿ ಕತ್ತರಿಸಿ. ಪ್ರತಿ ಸುತ್ತೂ ಬಿಡಿ ದ್ವೀಪ. ಒಂದರಿಂದ ಇನ್ನೊಂದಕ್ಕೆ ಹಿಂಬದಿಯಲ್ಲಿ ದಾರ ಹಾರಿಸಿದರೆ ಎರಡೂ ಬದಿಯ ಅಂದ ಕೆಟ್ಟಿತು.

ಹೆಸರುಗಳನ್ನಂತೂ ಬರೆಯಲೇಬೇಕು. ಹೆಚ್ಚು ತಪ್ಪಾಗುವುದೂ ಅಲ್ಲೇ, ಕಾರಣ ಕನ್ನಡ ಅಕ್ಷರ ಗುಂಡು, ಗಾವಂತಿಗೆ ಗುಂಡು ಬಾರದು. ಅಡ್ಡ, ಉದ್ದ, ಓರೆ ಈ ಮೂರೇ ದಾರಿ. ಹಾಗಾಗಿ ಪ್ರತಿ ಗುಂಡನ್ನೂ ಎಂಟು ಮೂಲೆಯಾಗಿ ಬರೆಯಿರಿ: ನಾಲ್ಕು ನೇರ ಬದಿಗೆ ಮೂರು ಮೂರು ಹೊಲಿಗೆ, ನಾಲ್ಕು ಓರೆ ಬದಿಗೆ ಎರಡೆರಡು. ಇದು ಏಳು ಮನೆ ಅಗಲ, ಏಳು ಮನೆ ಎತ್ತರ ಬರುತ್ತದೆ. ಇದರಲ್ಲಿ ಒಟ್ಟು 20 ಹೊಲಿಗೆ, ಅಂದರೆ ಸಮಸಂಖ್ಯೆ. ಒಂದು ಸುತ್ತು ಮುಗಿಸಿ ಅದೇ ದಿಕ್ಕಿನಲ್ಲಿ ಮುಂದುವರಿದರೆ ಹೊಲಿಗೆಯ ಮೇಲೆ ಹೊಲಿಗೆ ಬಿದ್ದು ಖಾಲಿ ಖಾಲಿಯಾಗಿಯೇ ಉಳಿಯುತ್ತದೆ. ಸುತ್ತು ಮುಗಿದಲ್ಲಿಂದ ಬಂದ ದಾರಿಯಲ್ಲೇ ತಿರುಗಿ ಹೋಗಬೇಕು. ಓರೆ ಹೊಲಿಗೆ ನೇರ ಹೊಲಿಗೆಗಿಂತ ಸುಮಾರು ಒಂದೂವರೆ ಪಟ್ಟು ಉದ್ದ, ಅದನ್ನು ಬಿಗಿಯಾಗಿ ಎಳೆದರೆ ಅಕ್ಷರ ಒಳಕ್ಕೆ ಕುಗ್ಗುತ್ತದೆ.

‘ಗಂಗವ್ವ’ ಎಂದು ಬರೆಯಬೇಕೆನ್ನಿ. ಅಕ್ಷರದ ಒಡಲಿಗೆ 7 ಮನೆ, ತಲೆಕಟ್ಟಿಗೆ 3, ಕೆಳಗಿನ ಒತ್ತಕ್ಷರಕ್ಕೆ 6, ಒಟ್ಟು ಎತ್ತರ 16 ಮನೆ. ಅಗಲಕ್ಕೆ ಅಕ್ಷರಕ್ಕೆ 7, ನಡುವೆ 2 ಎಂದು ಹಿಡಿದರೆ, ಸೊನ್ನೆಯೂ ಸೇರಿ ನಾಲ್ಕಕ್ಕೆ 34 ಮನೆ. ಒತ್ತಕ್ಷರವೂ ತಲೆಕಟ್ಟೂ ಒಡಲಿಗೆ ಅಂಟಿಕೊಂಡೇ ಇರಲಿ. ಬಿಡಿಯಾಗಿ ನಿಂತರೆ ಪ್ರತಿಯೊಂದಕ್ಕೂ ಹೊಸ ದಾರ, ಹೊಸ ತುದಿ. ಸೊನ್ನೆ ಮಾತ್ರ ಬಿಡಿಯಾಗಿ ನಿಲ್ಲುತ್ತದೆ, ಅದನ್ನು ಹಾಗೇ ಹಾಕಿ. ಚೌಕುಳಿ ಕಾಗದದ ಮೇಲೆ ಎಲ್ಲ ಹೆಸರನ್ನೂ ಮೊದಲೇ ಬರೆದು, ಹೆಸರು ಗೊತ್ತಿಲ್ಲದವರಿಗೆ ತೋರಿಸಿ ಓದಿಸಿ. ‘ವ’ ಮತ್ತು ‘ಮ’, ‘ಪ’ ಮತ್ತು ‘ಷ’ ಈ ಚೌಕದ ಬರಹದಲ್ಲಿ ಬೇಗ ಒಂದರಂತೆ ಒಂದು ಕಾಣುತ್ತವೆ.

ಇನ್ನೊಂದು ಸಂಗತಿ ಬಟ್ಟೆ ತೂಗುಹಾಕಿದ ಮೇಲೆಯೇ ಹೊಳೆಯುವಂಥದ್ದು. ತೇರು, ಗೋಪುರಗಳ ಎಡ-ಬಲ ಒಂದೇ ಇರುವುದರಿಂದ ಹಿಂದಿನಿಂದ ನೋಡಿದರೂ ತೇರು ತೇರೇ. ಅಕ್ಷರ ಹಾಗಲ್ಲ, ಹಿಂದೆ ಕನ್ನಡಿಯಲ್ಲಿ ಕಂಡಂತೆ ತಿರುಗಿರುತ್ತದೆ. ಬಟ್ಟೆಯನ್ನು ನಡುಕೋಣೆಯಲ್ಲಿ ಎರಡೂ ಬದಿ ಕಾಣುವಂತೆ ಇಳಿಬಿಡುವುದಾದರೆ (ಚುಕ್ಕಿಗೆರೆ ಇರುವುದರಿಂದ ಹಾಗೆ ಇಳಿಬಿಡುವುದೇ ಸರಿ) ಹೆಸರುಗಳನ್ನು ಬೇರೆ ಪಟ್ಟಿಗಳ ಮೇಲೆ ಎರಡೆರಡು ಸಲ ಹಾಕಿ, ಬೆನ್ನಿಗೆ ಬೆನ್ನು ಸೇರಿಸಿ ಅಂಚಿಗೆ ಹೊಲಿಯಿರಿ.

ಒಂದೇ ದೊಡ್ಡ ಬಟ್ಟೆ ಹಿಡಿದು ಹನ್ನೊಂದು ಮಂದಿ ಕೂರಲಾಗದು. 46 ಸೆಂ.ಮೀ. ಚೌಕದ 12 ತುಂಡು ಕತ್ತರಿಸಿ, ಸುತ್ತ 3 ಸೆಂ.ಮೀ. ಹೊಲಿಗೆಗೆ ಬಿಟ್ಟರೆ ತುಂಡಿಗೆ 40 ಉಳಿಯುತ್ತದೆ. ಅಡ್ಡ ನಾಲ್ಕು, ಉದ್ದ ಮೂರು ಜೋಡಿಸಿದರೆ 160 × 120 ಸೆಂ.ಮೀ. ಆಯಿತು. ಒಬ್ಬೊಬ್ಬರಿಗೆ ಒಂದು, ಹನ್ನೆರಡನೆಯದು ಎಲ್ಲರದೂ. ಅದರಲ್ಲಿ ಉತಾರದ ಮನೆಗಳನ್ನೇ ಗಾವಂತಿಯಲ್ಲಿ ಹಾಕಿ, ಖಾತೆದಾರರ ಹೆಸರು ಬರುವ 9ನೇ ಕಾಲಮ್ಮನ್ನು ಖಾಲಿ ಬಿಡಿ.

ಮ್ಯಾಟಿ ಬಟ್ಟೆಯಾದರೆ ಇಂಚಿಗೆ 14 ಮನೆ ಬರುವಂಥದ್ದು ತನ್ನಿ. 60 × 60 ಮನೆಯ ಮುಖ್ಯ ಚಿತ್ತಾರ ಆಗ ಸುಮಾರು 11 ಸೆಂ.ಮೀ. ಬರುತ್ತದೆ, ಸುತ್ತ ಬೇಕಾದಷ್ಟು ಖಾಲಿ ಉಳಿಯುತ್ತದೆ. ಖಾಲಿ ಉಳಿಯಲಿ, ತುಂಬುವ ಆಸೆಗೆ ಬೀಳಬೇಡಿ. ಗರಗದ ಖಾದಿಯಲ್ಲೋ ಬೆಟಗೇರಿಯ ಕೈಮಗ್ಗದ ಬಟ್ಟೆಯಲ್ಲೋ ಮಾಡುವ ಮನಸ್ಸಿದ್ದರೆ ಅದರ ಚೆಲುವೇ ಬೇರೆ. ಆದರೆ ಮೊದಲು 5 ಸೆಂ.ಮೀ. ಚೌಕ ಗುರುತು ಮಾಡಿ ಹಾಸು ಎಷ್ಟು, ಹೊಕ್ಕು ಎಷ್ಟು ಎಂದು ಎಳೆ ಎಣಿಸಿ. ಹತ್ತಕ್ಕೊಂದಕ್ಕಿಂತ ಹೆಚ್ಚು ಅಂತರವಿದ್ದರೆ ಗುಂಡು ಮೊಟ್ಟೆಯಾಗುತ್ತದೆ. ಅಂಥ ಬಟ್ಟೆಗೆ ಮೇಲೆ ಜಾಳಿಗೆ ಬಟ್ಟೆ ಕಚ್ಚಿಸಿ, ಅದರ ಮನೆ ಎಣಿಸಿ ಹೊಲಿದು, ಆಮೇಲೆ ಜಾಳಿಗೆಯ ಎಳೆಗಳನ್ನು ಒಂದೊಂದಾಗಿ ಎಳೆದು ತೆಗೆಯಬೇಕು. ಯಾವ ಬಟ್ಟೆಯಾದರೂ ಕತ್ತರಿಸುವ ಮುಂಚೆ ಬಿಸಿನೀರಲ್ಲಿ ಒಮ್ಮೆ ಒಗೆಯಿರಿ, ಇಲ್ಲವಾದರೆ ಮುಂದೆ ಕುಗ್ಗಿ ಕಸೂತಿಯ ಸುತ್ತ ನಿರಿಗೆ ಬೀಳುತ್ತದೆ. ಎರಡೆಳೆ ದಾರ, ಒಂದು ಮೊಳ ಉದ್ದ, ಮೊಂಡುತುದಿಯ 24ನೇ ನಂಬರಿನ ಸೂಜಿ. ಕಪ್ಪು ಬಟ್ಟೆಯಾದರೆ ತೊಡೆಯ ಮೇಲೆ ಬಿಳಿ ಬಟ್ಟೆ ಹಾಸಿಕೊಳ್ಳಿ, ಎಳೆಗಳ ಸಂದು ಬೆಳ್ಳಗೆ ಕಂಡು ಎಣಿಕೆ ತಪ್ಪುವುದಿಲ್ಲ. ಕೆಂಪು ದಾರವನ್ನು ಒದ್ದೆ ಮಾಡಿ ಬಿಳಿ ಬಟ್ಟೆಯ ನಡುವೆ ಒತ್ತಿಟ್ಟು ಬಣ್ಣ ಬಿಡುತ್ತದೆಯೇ ನೋಡಿ. ಬಿಟ್ಟರೆ ಆ ಲಡಿಯನ್ನೇ ಬದಲಿಸಿ. ಉಪ್ಪುನೀರನ್ನು ನೆಚ್ಚಬೇಡಿ.

ರಾಜಕೀಯದ ಒಂದು ಸೂಕ್ಷ್ಮ ನಿಮ್ಮ ಹಳೆಯ ಚಿತ್ತಾರಗಳಲ್ಲೇ ಇದೆ. ಕಮಲ, ಆನೆ ಎರಡೂ ಕಸೂತಿಗೆ ತಲೆತಲಾಂತರದಿಂದ ಬಂದವು, ಎರಡೂ ಇವತ್ತು ಪಕ್ಷಗಳ ಚಿಹ್ನೆಗಳು. ಹೆಬ್ಬೆಟ್ಟಿನ ಬದಲು ಇಡೀ ಅಂಗೈ ಹಾಕಿದರೆ ಅದೂ ಒಂದು ಪಕ್ಷದ್ದೇ ಆಯಿತು. ಅಂಚಿನ ಸಾಲಿನಲ್ಲಿ ಕಮಲ, ಆನೆ ಬಂದರೆ ಯಾರೂ ಬೇರೆ ಅರ್ಥ ಹಚ್ಚುವುದಿಲ್ಲ, ಅಂಜಿ ಬಿಡಬೇಕಾಗಿಲ್ಲ. ಆಸ್ತಿಯ ವಿಷಯದ ಪಕ್ಕ ಬಟ್ಟೆಯ ನಟ್ಟನಡುವೆ ಒಂದೇ ಒಂದು ದೊಡ್ಡ ಕಮಲ ನಿಂತರೆ ಮಾತ್ರ ಓದುವ ರೀತಿಯೇ ಬದಲಾಗುತ್ತದೆ. ಮಾರ್ಚ್ ಹೊತ್ತಿಗೆ ಯಾವುದಾದರೂ ಚುನಾವಣೆ ಬಂದು ನೀತಿಸಂಹಿತೆ ಜಾರಿಯಾಗಿದ್ದರೆ ಸರ್ಕಾರಿ ಸಭಾಭವನದವರು ಇದೇ ನೆಪಕ್ಕೆ ಬಾಗಿಲು ಹಾಕಬಹುದು. ನಡುಜಾಗ ಹೊಲಕ್ಕೆ ಇರಲಿ.

ಯಾರ ಕಥೆ, ಯಾರ ಒಪ್ಪಿಗೆ? ಇಲ್ಲಿ ಅವಸರ ಬೇಡ. ಹಕ್ಕು ಬಿಟ್ಟ ಹೆಣ್ಣುಮಗಳ ತವರು ಅದೇ ಊರಲ್ಲಿದ್ದು, ಪಂಚಮಿಗೆ ಆಕೆ ಅದೇ ಮನೆಗೆ ಹೋಗಬೇಕಾಗಿರುತ್ತದೆ. ಸರ್ವೆ ನಂಬರು, ಅಡ್ಡಹೆಸರು, ಅಣ್ಣತಮ್ಮಂದಿರ ಹೆಸರು ಬಟ್ಟೆಯ ಮೇಲೆ ಬರಬಾರದು. ಆಕೆಯ ಹೆಸರೂ ಆಕೆ ಒಪ್ಪಿದರೆ ಮಾತ್ರ, ಇಲ್ಲವಾದರೆ ಆಕೆಯೇ ಆರಿಸಿದ ಒಂದು ಗುರುತು. ಎರಡು ಸಲ ಕೇಳಿ: ನಕಾಶೆ ಬರೆದಾಗ ಒಮ್ಮೆ, ತುಂಡು ಮುಗಿದ ಮೇಲೆ ಕೈಯಲ್ಲಿ ಕೊಟ್ಟು ಇನ್ನೊಮ್ಮೆ. ಎರಡನೇ ಸಲ ‘ಬ್ಯಾಡ’ ಅಂದರೆ ಆ ಹೆಸರನ್ನು ಬಿಚ್ಚಬೇಕು, ಮನವೊಲಿಸಬಾರದು. ಬಿಚ್ಚುವಾಗ ಕತ್ತರಿ ಬೇಡ, ಸೂಜಿಯ ಕಣ್ಣಿನ ಬದಿಯಿಂದ ಹೊಲಿಗೆಗಳನ್ನು ಹಿಂದಕ್ಕೆ ಎಬ್ಬಿಸಿ.

ನಿಮ್ಮ ಗುಂಪಿನಲ್ಲಿ ತಾಂಡಾದ ಹೆಣ್ಣುಮಕ್ಕಳಿದ್ದರೆ ಅವರ ತುಂಡು ಅವರ ಲಂಬಾಣಿ ಹೊಲಿಗೆಯಲ್ಲೇ ಬರಲಿ. ಕನ್ನಡಿ ಚೂರು ಹಚ್ಚಿದ ತುಂಡು ಭಾರ ಹೆಚ್ಚು, ಅದನ್ನು ಕೆಳಗಿನ ಸಾಲಿನಲ್ಲಿಡಿ.

ಕೂಲಿಯ ಮಾತು ಬಟ್ಟೆಯ ಹೊರಗಿನದು ಅಂದುಕೊಳ್ಳಬೇಡಿ. ಹೆಣ್ಣಿನ ಪಾಲಿನ ಬಗ್ಗೆ ಬಟ್ಟೆ ಮಾಡಿಸಿ, ಹೊಲಿದ ಹೆಣ್ಣಿಗೆ ಚಹಾ-ಚೂಡಾ ಕೊಟ್ಟು ಕಳಿಸುವ ಸಂಘಟಕರು ಎದುರಾಗುತ್ತಾರೆ. ಇದನ್ನು ಯಾರಾದರೂ ಮಾಡಿಸುತ್ತಿದ್ದರೆ ತುಂಡಿನ ಲೆಕ್ಕ ಬೇಡ, ತಾಸಿನ ಲೆಕ್ಕ ಹಿಡಿಯಿರಿ. ಪ್ರತಿಯೊಬ್ಬರೂ 5 ಸೆಂ.ಮೀ. ಚೌಕದ ಒಂದು ಮಾದರಿ ಹಾಕಿ ಹೊತ್ತು ಬರೆದಿಡಿ. 11 ಸೆಂ.ಮೀ. ಚಿತ್ತಾರಕ್ಕೆ ಅದರ ಸುಮಾರು 5 ಪಟ್ಟು ಹಿಡಿಯುತ್ತದೆ, ಹೆಸರು, ತುದಿ ಮುಚ್ಚುವುದು, ತಪ್ಪು ಬಿಚ್ಚುವುದಕ್ಕೆ ಮೂರರಲ್ಲಿ ಒಂದು ಭಾಗ ಕೂಡಿಸಿ. ಆ ಲೆಕ್ಕವನ್ನೂ ಬಟ್ಟೆ ಯಾರ ಸ್ವತ್ತು ಎಂಬುದನ್ನೂ ಒಂದೇ ಕಾಗದದಲ್ಲಿ ಬರೆಸಿಕೊಳ್ಳಿ. ಕಸೂತಿಗೆ ಇರುವ ಭೌಗೋಳಿಕ ಸೂಚಿಕೆ ಆ ಹೆಸರನ್ನು ಕಾಯುತ್ತದೆ, ನೀವು ಹೊಸದಾಗಿ ಬರೆದ ನಕಾಶೆಯನ್ನಲ್ಲ. ನಕಾಶೆಗೆ ಕೃತಿಸ್ವಾಮ್ಯ ಬರೆದವರಿಗೆ ತಾನಾಗಿಯೇ ಬರುತ್ತದೆ, ಅದಕ್ಕೆ ಚೌಕುಳಿ ಕಾಗದದ ಮೇಲೆ ತಾರೀಖು, ಸಹಿ ಹಾಕಿ ಜೋಪಾನವಾಗಿಡಿ. ಹಳೆಯ ಸೀರೆಗಳನ್ನು ಹೊಲಿದವರು ಯಾರೆಂದು ನಮಗೆ ಇವತ್ತು ತಿಳಿಯುವ ದಾರಿಯೇ ಇಲ್ಲ. ಆದ್ದರಿಂದ ಪ್ರತಿ ತುಂಡಿನ ಕೆಳಮೂಲೆಯಲ್ಲಿ ಹೊಲಿದವರ ಹೆಸರೋ ಗುರುತೋ, ಜೊತೆಗೆ ವರ್ಷವೂ ಇರಲೇಬೇಕು.

ಮೇಲಂಚಿಗೆ 8 ಸೆಂ.ಮೀ. ಅಗಲದ ತೂರುಪಟ್ಟಿ ಹೊಲಿದು ಕಟ್ಟಿಗೆಯ ಕೋಲು ತೂರಿಸಿ. ಮೊಳೆ ಹೊಡೆಯಬೇಡಿ, ಮೂಲೆ ಹರಿಯುತ್ತದೆ. ಗಾಜಿನ ಚೌಕಟ್ಟೂ ಬೇಡ, ಹಿಂಬದಿ ಮುಚ್ಚಿಹೋಗುತ್ತದೆ. ಇಸ್ತ್ರಿ ಹಾಕುವುದಾದರೆ ದಪ್ಪ ಟವೆಲಿನ ಮೇಲೆ ಬೋರಲು ಹಾಕಿ ಒತ್ತಿ.

ಇನ್ನು ಜೇಬು. ಕೆಳಸಾಲಿನ ಒಂದು ತುಂಡಿನ ಹಿಂದೆ ಅಂಗೈಯಗಲದ ಜೇಬು ಹೊಲಿದು ಅದರಲ್ಲಿ ಚೀಟಿಗಳನ್ನಿಡಿ, ನೋಡಿದವರು ಒಂದೊಂದು ಒಯ್ಯಲಿ. ಅದರಲ್ಲಿ ನಾಲ್ಕೇ ಮಾತು ಇರಲಿ. ಮೇಲೆ ಹೇಳಿದ ಕಾನೂನಿನ ನಾಲ್ಕು ತಾರೀಖು. ಹೊಲದ ಉತಾರ ತೆಗೆಸಿ 9ನೇ ಕಾಲಂ ನೋಡಿ, ತಂದೆ ತೀರಿಕೊಂಡಿದ್ದರೆ ವಾರಸಾದಲ್ಲಿ (ವಾರಸುದಾರರ ಹೆಸರು ಸೇರಿಸುವ ದಾಖಲೆ) ನಿಮ್ಮ ಹೆಸರು ಬಂದಿದೆಯೇ ಕೇಳಿ ಎಂಬುದು. ಬಿಳಿಹಾಳೆಯ ಸಹಿ ಬೇರೆ, ಉಪನೋಂದಣಿ ಕಚೇರಿಯಲ್ಲಿ ನೋಂದಾಯಿಸಿದ ಹಕ್ಕುಬಿಡುಗಡೆ ಪತ್ರ ಬೇರೆ, ಸಹಿ ಹಾಕುವ ಮೊದಲು ವಕೀಲರಿಗೆ ತೋರಿಸಿ ಎಂಬುದು. ಕೊನೆಯದು, ಹೆಣ್ಣುಮಕ್ಕಳಿಗೆ ವರಮಾನ ಎಷ್ಟೇ ಇರಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ಕಾನೂನು ನೆರವು ಸಿಗುತ್ತದೆ, ಸಹಾಯವಾಣಿ 15100.

ಮೊದಲ ಪ್ರದರ್ಶನ ದೊಡ್ಡ ಸಭಾಭವನದಲ್ಲಿ ಬೇಡ. ನಿಮ್ಮ ಓಣಿಯ ಸ್ವಸಹಾಯ ಸಂಘದ ಸಭೆಯಲ್ಲಿ ತೂಗುಹಾಕಿ, ಯಾವುದನ್ನು ಮುಟ್ಟಿ ನೋಡುತ್ತಾರೆ, ಎಲ್ಲಿ ತಪ್ಪಾಗಿ ಓದುತ್ತಾರೆ ಗಮನಿಸಿ, ಆಮೇಲೆ ತಿದ್ದಲು ಹದಿನೈದು ದಿನವಾದರೂ ಇಟ್ಟುಕೊಳ್ಳಿ. ಅಂದರೆ ಫೆಬ್ರವರಿ 20ರೊಳಗೆ ಜೋಡಣೆ ಮುಗಿಯಬೇಕು, ತುಂಡುಗಳು ಜನವರಿ ಕೊನೆಗೆ ಕೈಸೇರಬೇಕು, ನಕಾಶೆ ಮತ್ತು ಮೊದಲ ಒಪ್ಪಿಗೆ ನವೆಂಬರಿನಲ್ಲೇ ಆಗಬೇಕು. ಮಾರ್ಚ್ 8ರಂದು ಉದ್ಘಾಟನೆ ಇದ್ದರೆ ವೇದಿಕೆಯ ಮೇಲಿನ ಕುರ್ಚಿಗಳ ಪಟ್ಟಿಯನ್ನು ಮುಂಚೆಯೇ ಕೇಳಿ ತರಿಸಿಕೊಳ್ಳಿ. ಹೊಲಿದ ಹನ್ನೊಂದು ಮಂದಿಯಲ್ಲಿ ಮೂವರಾದರೂ ಅದರಲ್ಲಿ ಇಲ್ಲದಿದ್ದರೆ, ಬಟ್ಟೆ ಕೊಡುವ ಮೊದಲೇ ಆ ಮಾತು ಇತ್ಯರ್ಥ ಮಾಡಿಕೊಳ್ಳಿ.